ಅಜ್ಜನ ಮಣೆಯ ಸರದಿ

ನಮ್ಮ ಮನೆ ಇದ್ದದ್ದು ದನದ ದವಾಖಾನೆಯ ಹಿಂದೆ. ಗುಡಗೇರಿಯಲ್ಲಿ ಇಳಿದು ಟೆಂಪೊ ಹಿಡಿದರೆ ಹೊಲಗಳ ನಡುವೆ ಸ್ವಲ್ಪ ದೂರಕ್ಕೆ ಊರು, ಊರಿನ ಈಚೆ ತುದಿಗೆ ದವಾಖಾನೆ. ಅಪ್ಪ, ಹೆಸರು ಜೀವನ, ಅಲ್ಲಿ ಕಂಪೌಂಡರ್ ಆಗಿದ್ದರಿಂದ ಹಿಂದಿನ ಮೂರು ಖೋಲಿಗಳು ನಮಗೆ ಸಿಕ್ಕಿದ್ದವು. ಮುಂದಿನದರಲ್ಲಿ ಅಪ್ಪನ ಕಾಟು, ನಡುವಿನದರಲ್ಲಿ ಜೋಳದ ಚೀಲಗಳು ಮತ್ತು ಆಯಿಯ ಹಾಸಿಗೆ, ಕೊನೆಯದು ಅಡುಗೆಮನೆ. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಯ ಜೊತೆಗೆ ಫಿನಾಯಿಲಿನ ವಾಸನೆಯೂ ಸದಾ ಇರುತ್ತಿತ್ತು, ಬೇರೆಯವರ ಮನೆಯಲ್ಲಿ ಉಂಡರೆ ಪಲ್ಯಕ್ಕೆ ಏನೋ ಕಡಿಮೆಯಾಗಿದೆ ಎಂದು ನನಗೆ ಅನಿಸುತ್ತಿದ್ದುದು ಅದಕ್ಕೇ ಇರಬೇಕು. ಕಿಟಕಿಯಾಚೆ ಬೇವಿನ ಮರ, ಅದರ ಕೆಳಗೆ ಎತ್ತುಗಳನ್ನು ನಿಲ್ಲಿಸಿ ಕಟ್ಟಿ ಔಷಧ ಹಾಕುವ ಕಟ್ಟಿಗೆಯ ಚೌಕಟ್ಟು. ಊಟದ ನಡುವೆ ಯಾರಾದರೂ ಹೊರಗಿನಿಂದ ಆಕಳ ಹೊಟ್ಟೆ ಉಬ್ಬಿದೆ ಎಂದು ಕೂಗಿದರೆ ಅಪ್ಪ ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಹಾಕಿಕೊಂಡು ಎದ್ದುಬಿಡುತ್ತಿದ್ದ. ಹಾಗಾಗಿ ಅವನು ಉಣ್ಣಲು ಕೂರುತ್ತಿದ್ದ ಜಾಗ ಯಾವಾಗಲೂ ಬಾಗಿಲ ಬಳಿ, ಗಾಳಿಗೆ ಚಪ್ಪಲಿಯ ಧೂಳು ಹಾರಿ ಬರುವ ಕಡೆ.

ಸಂಜೆ ದೀಪ ಹಾಕಿದ ಮೇಲೆ, ಊಟಕ್ಕೆ ಮೊದಲು, ಪ್ರಾರ್ಥನೆ. ಅವ್ವ ರೊಟ್ಟಿ ಬಡಿಯುವುದನ್ನು ಮುಗಿಸಿ, ಬುಟ್ಟಿಗೆ ಬಟ್ಟೆ ಮುಚ್ಚಿ, ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಕೂತ ಹೊರತು ಶುರುವಾಗುತ್ತಿರಲಿಲ್ಲ. ಅಪ್ಪ ಬೈಬಲಿನ ಒಂದು ಭಾಗ ಓದುತ್ತಿದ್ದ, ನಾನು ಅಂದಿನ ವಾಕ್ಯವನ್ನು ಬಾಯಿಪಾಠ ಒಪ್ಪಿಸುತ್ತಿದ್ದೆ, ಆಯಿ ಪ್ರಾರ್ಥಿಸುತ್ತಿದ್ದಳು. ಆಯಿಯ ಪ್ರಾರ್ಥನೆಯಲ್ಲಿ ಮಳೆ ಬರುತ್ತಿತ್ತು, ಊರಿನ ದನಕರುಗಳು ಬರುತ್ತಿದ್ದವು, ಬಾಜೂ ಮನೆಯ ನೀಲವ್ವನ ಮಂಡಿನೋವು ಬರುತ್ತಿತ್ತು. ಕೊನೆಗೆ ಪ್ರತಿ ಸಂಜೆಯೂ ಅವಳ ದನಿ ಒಡೆಯುವ ಒಂದೇ ಜಾಗ ಇತ್ತು.

“ನನ್ನ ಸಣ್ಣ ಮಗನ ಮನಸ್ಸು ತಿರುಗಸಪ್ಪಾ ತಂದೀ. ಅವಂಗ ಮನೀ ಹಾದಿ ತೋರಸು.”

ಆ ಸಣ್ಣ ಮಗ, ನನ್ನ ಶಾಂತರಾಜ ಕಾಕಾ, ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಲಾರಿಯ ಮೇಲೆ ಕ್ಲೀನರ್ ಆಗಿ ಹೋದವನು ಡ್ರೈವರ್ ಆಗಿ, ಆಮೇಲೆ ಕುಡಿತದಿಂದ ಏನೂ ಆಗದೆ ಉಳಿದಿದ್ದ. ಮನೆಯಲ್ಲೇ, ಅವಳ ಬಾಜುವಿಗೇ, ತಪ್ಪಿಲ್ಲದೆ ವಾಕ್ಯ ಒಪ್ಪಿಸಿ ಕೂತಿದ್ದ ನನ್ನ ಹೆಸರು, ಸುಗುಣಾ, ಆ ಪ್ರಾರ್ಥನೆಯಲ್ಲಿ ಬಂದದ್ದು ನನಗೆ ಟೈಫಾಯ್ಡ್ ಆದಾಗ ಮಾತ್ರ. ಗುಣವಾದ ಮರುದಿನವೇ ಬಿಟ್ಟುಹೋಯಿತು. ಕಾಯಿಲೆ ಇನ್ನೊಂದಿಷ್ಟು ದಿನ ಇದ್ದಿದ್ದರೆ ಚೆನ್ನಾಗಿತ್ತು ಎಂದು ನಾನು ಕೊರಗಿದ್ದುಂಟು.

ನನ್ನದು ಹುಟ್ಟಿನಿಂದಲೇ ಹೊಟ್ಟೆಕಿಚ್ಚಿನ ಸ್ವಭಾವ. ಒಬ್ಬಳೇ ಮಗಳು, ಯಾರ ಮೇಲೆ ಪಡುತ್ತಿದ್ದೆ ಎಂದು ಕೇಳಬಹುದು. ಹುಡುಕಿದರೆ ಜನಕ್ಕೇನೂ ಬರವಿಲ್ಲ. ಅಪ್ಪ ಕರುಗಳ ಕಿವಿಯಲ್ಲಿ ಮೆಲ್ಲಗೆ ಮಾತಾಡಿ ಗುಳಿಗೆ ನುಂಗಿಸುತ್ತಿದ್ದ, ನನಗೆ ಮಾತ್ರ ಮೂಗು ಹಿಡಿದು ಔಷಧ ಕುಡಿಸುತ್ತಿದ್ದ. ಹಾಗಾಗಿ ಕರುಗಳ ಮೇಲೆ ಹೊಟ್ಟೆಕಿಚ್ಚು. ನೀಲವ್ವ ತನ್ನ ಸೊಸೆಗೆ ಎಣ್ಣೆ ಹಚ್ಚಿ ತಲೆ ಬಾಚುವುದನ್ನು ಕಂಡು ಆ ಸೊಸೆಯ ಮೇಲೆ. ಆದರೆ ಇವೆಲ್ಲ ಬಂದು ಹೋಗುತ್ತಿದ್ದವು. ತಳವೂರಿ ಕೂತದ್ದು ಒಂದು ಮಣೆಯ ಮೇಲಿನ ಆಸೆ, ಅದರಿಂದ ಹುಟ್ಟಿದ ಕಿಚ್ಚು.

ಅಜ್ಜ ಬಡಿಗ. ನಮ್ಮ ಊರಿನ ಸಣ್ಣ ದೇವಾಲಯದ, ಅಂದರೆ ಚರ್ಚಿನ, ಬೆಂಚುಗಳನ್ನೆಲ್ಲ ಅವನೇ ಮಾಡಿದ್ದ, ಉಳಿದ ಹಲಗೆಯ ತುಂಡಿನಿಂದ ತನಗೊಂದು ಊಟದ ಮಣೆ ಮಾಡಿಕೊಂಡಿದ್ದ. ನಾಲ್ಕು ಮೂಲೆಗೆ ಹಿತ್ತಾಳೆಯ ಮೊಳೆ, ಕೂತು ಕೂತು ನಡುವೆ ಸವೆದ ಸಣ್ಣ ತಗ್ಗು. ಅವನು ತೀರಿಕೊಂಡ ಮೇಲೆ ಆಯಿ ಅದನ್ನು ಅಡುಗೆಮನೆಯ ಗೋಡೆಗೆ ಒರಗಿಸಿ ಇಟ್ಟಳು. ಯಾರೂ ಕೂರುವಂತಿರಲಿಲ್ಲ, ಒಂದು ದಿನವನ್ನು ಬಿಟ್ಟು. ನಮ್ಮ ಸಭೆಯಲ್ಲಿ ಕೂಸಿಗೆ ದೀಕ್ಷಾಸ್ನಾನ ಮಾಡಿಸುವಾಗ ಅದರ ಪರವಾಗಿ ತಂದೆತಾಯಿ ಉತ್ತರ ಕೊಡುತ್ತಾರೆ. ಬೆಳೆದ ಮೇಲೆ ಒಂದು ಭಾನುವಾರ ಎಲ್ಲರೆದುರು ನಿಂತು, ಪಾಪಕ್ಕೆ ಬೆನ್ನು ತಿರುಗಿಸಿದ್ದೇನೆ, ಈ ನಂಬಿಕೆಯನ್ನು ನಾನೇ ಆರಿಸಿಕೊಂಡಿದ್ದೇನೆ ಎಂದು ಆ ಉತ್ತರವನ್ನು ನಮ್ಮ ಬಾಯಿಂದಲೇ ಕೊಡಬೇಕು. ಅದು ದೃಢೀಕರಣ. ಅಂದು ಮಧ್ಯಾಹ್ನ ದೃಢೀಕರಣವಾದವರಿಗೆ ಆ ಮಣೆ, ಆಯಿಯ ಕೈಯ ಮೊದಲ ಬಡಿಸುವಿಕೆ, ತಾಟಿನ ತುಂಬ ಗೋಧಿ ಹುಗ್ಗಿ, ಅದರ ಮೇಲೆ ತುಪ್ಪ. ಅಪ್ಪ ಅದರ ಮೇಲೆ ಒಂದೇ ಸಲ ಕೂತಿದ್ದ, ಅಜ್ಜ ಇದ್ದಾಗ. ಆ ವರ್ಷ ನಮ್ಮ ಸಭೆಯಲ್ಲಿ ದೃಢೀಕರಣಕ್ಕೆ ನಾನೊಬ್ಬಳೇ ಇದ್ದೆ. ಹಂಚಿಕೊಳ್ಳಬೇಕಾದ ದಿನವಲ್ಲ, ಇಡೀ ದಿನ ನನ್ನದು. ಶಾಲೆಯಿಂದ ಬಂದೊಡನೆ ಮಣೆಯನ್ನು ಒರೆಸಿ ಮತ್ತೆ ಗೋಡೆಗೆ ಒರಗಿಸುತ್ತಿದ್ದೆ.

ಕಾಕಾ ಬಂದದ್ದು ಆಗ. ಪ್ರಾರ್ಥನೆ ನಡೆದಿತ್ತು, ಆಯಿ ಕಣ್ಣು ಮುಚ್ಚಿ ಇನ್ನೇನು ಸಣ್ಣ ಮಗನ ಮಾತಿಗೆ ಬರಬೇಕು, ಬಾಗಿಲಲ್ಲಿ ಯಾರೋ ನಿಂತರು. ಕಣ್ಣು ತೆರೆದು ಪ್ರಾರ್ಥಿಸುವ ಚಾಳಿ ನನಗೊಬ್ಬಳಿಗೇ ಇದ್ದುದರಿಂದ ಮೊದಲು ನೋಡಿದವಳು ನಾನು. ಬಡಕಲಾಗಿದ್ದ, ಅಂಗಿ ಒಗೆದದ್ದಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಹಿಂದೆಲ್ಲ ಬಂದಾಗ ಅವನ ಜೊತೆ ಬರುತ್ತಿದ್ದ ವಾಸನೆ ಇರಲಿಲ್ಲ. ಆಯಿ ತನ್ನ ಮಾತು ಮುಗಿಸಿ ಕಣ್ಣು ತೆರೆದಳು.

“ಬದಲಾಗಿ ಬಂದೇನ್ ಬೇ ಯವ್ವಾ,” ಎಂದ ಕಾಕಾ. “ನಂಬೋದಾದ್ರ ನಂಬು. ಇಲ್ಲಾಂದ್ರ ಹೊರಗ ಮಲಗತೇನಿ.”

ಆಯಿ ಎದ್ದಳು, ಎದ್ದ ರಭಸಕ್ಕೆ ಅವಳ ಮಂಡಿ ಚಟಕ್ಕೆಂದಿತು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಆ ಅಳುವಿಗೆ ನೀಲವ್ವ ಗೋಡೆಯಾಚೆಯಿಂದ ಏನಾತ್ರಿ ಎಂದು ಕೇಳಿದಳು. ಅತ್ತು ಮುಗಿಸಿ ಆಯಿ ನೇರವಾಗಿ ಗೋಡೆಯ ಬಳಿ ಹೋಗಿ, ಅಜ್ಜನ ಮಣೆಯನ್ನು ತಂದು, ಒಲೆಯ ಎದುರು ಹಾಕಿ, ಅವನನ್ನು ಅದರ ಮೇಲೆ ಕೂರಿಸಿದಳು. ಅಂದು ಸಂಜೆ ನಾನು ಒರೆಸಿಟ್ಟಿದ್ದ ಮಣೆ. ಅಪ್ಪ ಬಾಗಿಲ ಬಳಿಯ ತನ್ನ ಜಾಗದಿಂದ ಅಲುಗಲಿಲ್ಲ. ಓದಿದ ಪುಟಕ್ಕೆ ದಾರ ಇಟ್ಟು ಮುಚ್ಚಿ, ನನ್ನ ಕಡೆ ತಿರುಗಿದ.

“ಅವಗ ಹೇಳವಾ, ಕೈಕಾಲು ತೊಳಕೊಂಡು ಉಣ್ಣಂತ.”

ಕಾಕಾ ಕೈಯಳತೆಯಲ್ಲಿ ಕೂತಿದ್ದ. ಆದರೂ ನಾನು ಹೇಳಿದೆ, ಕಾಕಾ ಹೋಗಿ ತೊಳೆದುಕೊಂಡು ಬಂದ. ಅಪ್ಪ ತಮ್ಮನ ಜೊತೆ ನೇರವಾಗಿ ಮಾತಾಡುವುದನ್ನು ಅಜ್ಜನನ್ನು ಮಣ್ಣು ಮಾಡಿದ ದಿನವೇ ಬಿಟ್ಟಿದ್ದ. ಅಂದು ಕಾಕಾ ಗುಡಗೇರಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಡಿದು ಬಿದ್ದಿದ್ದ, ಕರೆಯಲು ಹೋದವರು ಎತ್ತಲಾಗದೆ ವಾಪಸು ಬಂದರು. ಗುಂಡಿಯ ಬಳಿ ಅಪ್ಪ ತನ್ನ ಪಾಲಿನ ಮಣ್ಣು ಹಾಕಿ, ಎಲ್ಲರೂ ನೋಡುತ್ತಿರುವಾಗ ತಮ್ಮನ ಪಾಲಿನದನ್ನೂ ಹಾಕಿದ. ಇದನ್ನು ನನಗೆ ಹೇಳಿದವಳು ಅವ್ವ, ಜೋಳ ಹಸನು ಮಾಡುತ್ತ, ಅಪ್ಪ ಇಲ್ಲದ ಹೊತ್ತಿನಲ್ಲಿ.

ಮುಂದಿನ ಭಾನುವಾರ ಕಾಕಾ ಸಭೆಯಲ್ಲಿ ಎದ್ದು ನಿಂತು ತನ್ನ ಸಾಕ್ಷಿ ಹೇಳಿದ. ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಎದ್ದು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಅವನು ಹೊಟ್ಟೆ ಊದಿಸಿಕೊಂಡು ಬಿದ್ದಿದ್ದಾಗ ಬಾಜೂ ಕಾಟಿನಲ್ಲಿ ಒಬ್ಬ ಮುದುಕ ಇದ್ದನಂತೆ.

“ನನ್ನ ಹೆಸರ ಸುದ್ದಾ ಕೇಳಿದ್ದಿಲ್ರಿ ಅವಾ,” ಎಂದ ಕಾಕಾ. “ದಿನಾ ಸಂಜೀಕ ಕೈ ಮುಗದು, ಬಾಜೂ ಕಾಟಿನಾಂವಗ ಆರಾಮ ಮಾಡಪ್ಪಾ ಅಂತಿದ್ದ. ಒಂದಿನಾ ಮುಂಜಾನೆದ್ದು ನೋಡತೇನಿ, ಕಾಟು ಖಾಲಿ ಐತಿ. ಹಾಸಗಿ ಸುತ್ತಾಕತ್ತಿದ್ರು. ಅವತ್ತ ಸಂಜೀಕ ನನ್ನ ಸಲುವಾಗಿ ಕೈ ಮುಗಿಯಾವ್ರು ಯಾರೂ ಇದ್ದಿದ್ದಿಲ್ರಿ. ಅದಕ್ಕ ನಾನs ಮುಗದೆ.”

ಹೆಂಗಸರ ಕಡೆಯ ಬೆಂಚುಗಳಲ್ಲಿ ಒಂದು ಕಣ್ಣೂ ಒಣಗಿರಲಿಲ್ಲ. ತಿಂಗಳಿಗೆರಡು ಸಲ ಕುಂದಗೋಳದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಪಾದ್ರಿ ಅಯ್ಯನವರು ಅಂದು ಯಾವ ಕಥೆಯ ಮೇಲೆ ಬೋಧಿಸಿದರು ಎಂದು ಹೇಳುವ ಅಗತ್ಯವಿಲ್ಲ. ಹಾಳಾಗಿ ಮನೆಗೆ ಬಂದ ಕಿರಿಯ ಮಗ, ಅವನಿಗೆ ಉಂಗುರ, ಅಂಗಿ, ಔತಣ. ಅದೇ ಕಥೆಯಲ್ಲಿ ಮನೆ ಬಿಡದೆ ಹೊಲದಲ್ಲಿ ದುಡಿದ ಹಿರಿಯ ಮಗನೊಬ್ಬನಿದ್ದಾನೆ, ನಾನು ಅವನ ಸುದ್ದಿಗೆ ಕಾದೆ. ಅಯ್ಯನವರು ಬಸ್ಸಿಗೆ ಹೊತ್ತಾಯಿತೆಂದು ಔತಣಕ್ಕೇ ಮುಗಿಸಿಬಿಟ್ಟರು.

ಅಲ್ಲಿಂದ ನಮ್ಮ ಮನೆಯ ಸಂಜೆಗಳು ಬೇರೆಯಾದವು. ಊರವರು ಕಾಕಾನ ಕಥೆ ಕೇಳಲು ಬರತೊಡಗಿದರು. ನೀಲವ್ವ ಲಿಂಗ ಕಟ್ಟಿದವಳು, ನಮ್ಮ ಪ್ರಾರ್ಥನೆಗೆ ಎಂದೂ ಕೂತವಳಲ್ಲ. ಅವಳೂ ಹೊಸ್ತಿಲಲ್ಲಿ ಕೂತು, ಖಾಲಿ ಕಾಟಿನ ಮಾತು ಬಂದಾಗ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಎಷ್ಟು ಉದ್ದದ ವಾಕ್ಯ ಒಪ್ಪಿಸಿದರೂ ‘ಆತವಾ, ಶಾಣ್ಯಾಕಿ’ ಎನ್ನುವಷ್ಟಕ್ಕೇ ನಿಲ್ಲುತ್ತಿತ್ತು. ಬಿದ್ದು ಎದ್ದವನಿಗೆ ಹೇಳಲು ಕಥೆ ಇತ್ತು, ಬೀಳದೆ ನಿಂತ ನನಗೆ ಏನಿತ್ತು? ನನಗೂ ಒಂದು ಪಶ್ಚಾತ್ತಾಪ ಬೇಕೆನಿಸಿತು. ಪಾಪ ಹುಡುಕಿದೆ. ಹುಡುಕಿ ಒಂದು ಸಂಜೆ ಎಲ್ಲರೂ ಇರುವಾಗ ಎದ್ದು ನಿಂತು, ಕಾಕಾನ ಹಾಗೆಯೇ ದನಿ ತಗ್ಗಿಸಿ, ನಾನು ನೀಲವ್ವನ ಡಬ್ಬಿಯಿಂದ ಬೆಲ್ಲ ಕದ್ದು ತಿಂದ ಪಾಪಿ ಎಂದು ಹೇಳಿದೆ. ಯಾರೂ ಅಳಲಿಲ್ಲ.

“ಅದೇನು ಕಳವು? ಡಬ್ಬಿ ಮುಚ್ಚಳಾ ನಾನs ತೆಗದಿಟ್ಟಿರತೇನಿ,” ಎಂದಳು ನೀಲವ್ವ. “ನೀ ಬರತೀ ಅಂತ.”

ಎಲ್ಲರೂ ನಕ್ಕರು, ಕಾಕಾನೂ ನಕ್ಕ. ಮರುದಿನ ನೀಲವ್ವ ಒಂದು ಬೆಲ್ಲದ ಹೆಂಟೆಯನ್ನೇ ಕೊಟ್ಟು ಕಳಿಸಿದಳು. ಅದನ್ನು ನಾನು ಮುಟ್ಟಲಿಲ್ಲ.

ಅಪ್ಪನಲ್ಲಿಗೆ ಹೋದೆ. ದವಾಖಾನೆಯಲ್ಲಿ ಅವನೊಬ್ಬನೇ ಸ್ಟೌವಿನ ಮೇಲೆ ಸೂಜಿಗಳನ್ನು ಕುದಿಸುತ್ತ ನಿಂತಿದ್ದ. ನಾನು ಮಣೆಯಿಂದ ಹಿಡಿದು ಬೆಲ್ಲದವರೆಗೆ ಎಲ್ಲ ಹೇಳಿ, ಕಾಕಾನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ ಎಂದೆ. ಬೈಯುತ್ತಾನೆ, ಇಲ್ಲವೇ ಒಂದು ವಾಕ್ಯ ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಚಿಮಟಿಗೆಯಿಂದ ಸೂಜಿಗಳನ್ನು ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕಿದ.

“ನನಗೂ ಉರೀತೈತಿ,” ಎಂದ.

ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದ:

“ಅಪ್ಪ ಹ್ವಾದಾಗಿಂದ ಅವ್ವನ್ನ ನಾನs ನೋಡ್ಕೊಂಡೇನಿ. ಅಕಿ ಗುಳಗಿ, ಅಕಿ ಕಣ್ಣಿನ ಚಾಳೀಸು, ಅಕಿ ಮಂಡಿಗೆ ಎಣ್ಣಿ. ಒಂದಿನಾ ಬಿಟ್ಟು ಹೋಗಿಲ್ಲ ನಾ. ಅದಕ್ಕs ಇರಬೇಕು, ನನ್ನ ನೋಡಿ ಅಕಿ ಒಮ್ಮೆಯೂ ಅತ್ತಿಲ್ಲ.”

ಅಪ್ಪನಂಥ ಅಪ್ಪನಿಗೂ ಇದೇ ರೋಗ ಎಂದು ತಿಳಿದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನ ಹೊಟ್ಟೆಕಿಚ್ಚನ್ನೂ ನನ್ನದಕ್ಕೆ ಸೇರಿಸಿಕೊಂಡು ಇಬ್ಬರ ಪರವಾಗಿ ಉರಿಯತೊಡಗಿದೆ.

ಇಷ್ಟರ ಮೇಲೆ ಅಯ್ಯನವರು ಮುಂದಿನ ಸಲ ಬಂದಾಗ, ಶಾಂತರಾಜನಿಗೆ ದೃಢೀಕರಣವಾಗಿದೆಯೇ ಎಂದು ಕೇಳಿದರು. ಆಗಿರಲಿಲ್ಲ. ಹುಡುಗನಾಗಿದ್ದಾಗ ಅದರ ಹಿಂದಿನ ದಿನವೇ ಅವನು ಲಾರಿ ಹತ್ತಿ ಹೋಗಿದ್ದ. ಹಾಗಾದರೆ ಸುಗುಣಾಳ ಜೊತೆಗೇ ನಿಲ್ಲಲಿ, ಎಂದರು ಅಯ್ಯನವರು. ವಿಶ್ವಾಸ ಪ್ರಮಾಣ, ಅಂದರೆ ನಮ್ಮ ನಂಬಿಕೆಯನ್ನೆಲ್ಲ ಸಾಲಾಗಿ ಹೇಳುವ ಪಾಠ, ಒಬ್ಬನೇ ಒಪ್ಪಿಸಬೇಕು, ಬಾಯಿಪಾಠ ಅವಳೇ ಮಾಡಿಸಲಿ, ಅವಳು ಶಾಣ್ಯಾಕಿ. ಆ ‘ಶಾಣ್ಯಾಕಿ’ ಎಂಬ ಮಾತನ್ನು ನಾನು ಅಂದಿನಿಂದ ಯಾರ ಬಾಯಲ್ಲೂ ಸಹಿಸಿಲ್ಲ.

ಪಾಠ ನಡೆದದ್ದು ಬೇವಿನ ಮರದ ಕೆಳಗೆ, ಎತ್ತು ಕಟ್ಟುವ ಚೌಕಟ್ಟಿಗೆ ಒರಗಿಕೊಂಡು. ಅಷ್ಟರಲ್ಲಿ ಕಾಕಾ ದವಾಖಾನೆಯ ಅಂಗಳ ಗುಡಿಸುವುದು, ಸೆಗಣಿ ಎತ್ತುವುದು, ಒದೆಯುವ ಎಮ್ಮೆಗಳ ಕಾಲು ಹಿಡಿಯುವುದು ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡಿದ್ದ. ಅಪ್ಪ ಸೂಜಿ ಹಿಡಿದು ನಿಂತು, ಎಮ್ಮೆಯ ಆಚೆ ಬದಿಗಿರುವ ತಮ್ಮನಿಗೆ, ಅದನ್ನು ತಂದ ರೈತನ ಕಡೆ ನೋಡಿಕೊಂಡು, “ಅವಗ ಹೇಳ್ರಿ, ಬಿಗಿಯಾಗಿ ಹಿಡಿ ಅಂತ” ಎನ್ನುತ್ತಿದ್ದ. ರೈತರಿಗೂ ರೂಢಿಯಾಗಿತ್ತು. ಕಾಕಾನಿಗೆ ಅಕ್ಷರ ಬರುತ್ತಿತ್ತು, ಆದರೆ ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಒಂದು ಸಾಲು ಹೇಳಿಕೊಟ್ಟು ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮಾಯ. ಒಳಗೊಳಗೇ ನನಗೆ ಖುಷಿ. ಆಮೇಲೆ ಅವನೇ ಒಂದು ಉಪಾಯ ಮಾಡಿಕೊಂಡ. ಲಾರಿ ಓಡಿಸಿದ ತಲೆ, ಅದರಲ್ಲಿ ದಾರಿ ಮಾತ್ರ ಅಳಿಸದೆ ಉಳಿದಿತ್ತು. ವಿಶ್ವಾಸ ಪ್ರಮಾಣದ ಒಂದೊಂದು ಮಾತನ್ನೂ ಹುಬ್ಬಳ್ಳಿಯಿಂದ ನಮ್ಮೂರಿನ ದಾರಿಯ ಒಂದೊಂದು ನಿಲ್ದಾಣಕ್ಕೆ ಇಳಿಸಿದ. ತಂದೆಯಾದ ದೇವರು ಹುಬ್ಬಳ್ಳಿಯ ಬಂಕಾಪುರ ಚೌಕ. ಮಗನ ಸಂಗತಿ ಉದ್ದ, ಹಾಗಾಗಿ ಅದಕ್ಕೆ ಕುಂದಗೋಳದವರೆಗಿನ ಎಲ್ಲ ಊರುಗಳು. ಪವಿತ್ರಾತ್ಮ ಸಂಶಿ. ಹೀಗೆ ಹೊರಟರೆ ಒಂದು ಮಾತೂ ತಪ್ಪದೆ ಬರುತ್ತಿದ್ದ, ಸಂಶಿ ದಾಟಿ, ಸಭೆಯನ್ನು ದಾಟಿ, ಗುಡಗೇರಿಗೆ ಬಂದು ನಿಂತುಬಿಡುತ್ತಿದ್ದ. ಗುಡಗೇರಿಯಲ್ಲಿ ‘ಪಾಪಗಳ ಕ್ಷಮೆ’ ಇತ್ತು.

“ಇಷ್ಟು ದೊಡ್ಡಾಂವಾಗಿ ಎರಡs ಶಬ್ದ ಬರೂದಿಲ್ಲೇನ ನಿನಗ?” ಎಂದು ಒಂದು ದಿನ ರೇಗಿದೆ.

“ಬರತಾವವಾ. ಆ ಊರು ಬಂತಂದ್ರ ಗಾಡಿ ನಿಂದರತೈತಿ,” ಎಂದ ಕಾಕಾ. “ಸ್ಟೇಷನ್ನಿನ ಬೆಂಚು ಕಾಣತೈತಿ. ಅಣ್ಣ ಎರಡು ಸಲ ಮಣ್ಣು ಹಾಕಿದ್ದು ಕಾಣತೈತಿ. ನಾ ನೋಡಿಲ್ಲ ಅದನ್ನ, ಆದ್ರೂ ಕಾಣತೈತಿ.”

“ಹಂಗಾದ್ರ ಬ್ಯಾರೆ ಊರಿಗೆ ಇಳಸು. ಸಂಶಿಗೇ ಎರಡೂ ಇಡು.”

“ಇಳಸಾಕ ಬರೂದಿಲ್ಲ. ಅದು ಅಲ್ಲೇ ಐತಿ.”

ನಾನು ಸಿಟ್ಟಿನಿಂದ ಬೇವಿನ ಕಾಯಿಗಳನ್ನು ಚೌಕಟ್ಟಿಗೆ ಎಸೆಯುತ್ತ ಕೂತೆ. ಅವನು ಕಸಬರಿಗೆ ಕೆಳಗಿಟ್ಟು ನನ್ನೆದುರು ಕುಕ್ಕರಗಾಲಲ್ಲಿ ಕೂತ.

“ನಿನಗ ನನ್ನ ಮ್ಯಾಲೆ ಸಿಟ್ಟೈತಿ. ಯಾಕಂತ ಹೇಳು.”

“ಆ ಮಣಿ ನಂದು,” ಎಂದೆ. “ನಾ ಏನೂ ತಪ್ಪು ಮಾಡದs ಇಷ್ಟು ವರ್ಷ ಕಾದೇನಿ. ನೀ ಎಲ್ಲಾ ಮಾಡಿ ಬಂದು ಒಂದs ದಿನದಾಗ ಕುಂತಿ.”

“ಖರೇ ಐತಿ,” ಎಂದ ಕಾಕಾ. ಜಗಳವಾಡಬೇಕೆಂದಿದ್ದ ನನಗೆ ಈ ಉತ್ತರ ಇನ್ನಷ್ಟು ರೇಗಿಸಿತು. “ಅವತ್ತು ಅವ್ವ ಕೈ ಹಿಡದು ಕುಂದ್ರಿಸಿದ್ಲು, ಇಲ್ಲ ಅನ್ನಾಕ ಬರಲಿಲ್ಲ. ಎದರಿಗೆ ಅಣ್ಣ ಬಾಗಲದಾಗ ಕುಂತಿದ್ದ, ಚಪ್ಪಲಿ ಬಾಜೂಕ. ಮತ್ತ ಕುಂದ್ರೂದಿಲ್ಲ ಬಿಡು.”

ಮತ್ತೆ ಕೂರಲೂ ಇಲ್ಲ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೇ ಉಣ್ಣುತ್ತಿದ್ದ. ಆದರೆ ಆಯಿ ಅವನ ತಾಟಿಗೇ ಮೊದಲು ಬಡಿಸುತ್ತಿದ್ದಳು, ಅದನ್ನು ನಾನು ನೋಡುತ್ತಿದ್ದೆ, ಅಪ್ಪನೂ ನೋಡುತ್ತಿದ್ದ.

ಆ ಭಾನುವಾರ ಅವ್ವ ನಸುಕಿನಲ್ಲೇ ಎದ್ದು ಹುಗ್ಗಿಗೆ ಗೋಧಿ ಬೇಯಲು ಇಟ್ಟಿದ್ದಳು. ನನಗೆ ಬಿಳಿಯ ಹೊಸ ಲಂಗ, ಕಾಕಾನಿಗೆ ಅಪ್ಪನದೊಂದು ಹಳೆಯ ಬಿಳಿ ಅಂಗಿ, ಅದೂ ಅಪ್ಪ ಕೊಟ್ಟದ್ದಲ್ಲ, ಅವ್ವ ಟ್ರಂಕಿನಿಂದ ತೆಗೆದಿಟ್ಟದ್ದು. ಅಪ್ಪ ಅದನ್ನು ನೋಡಿಯೂ ನೋಡದವನಂತೆ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಹೋದ. ಸಭೆ ತುಂಬಿತ್ತು. ಯಾರನ್ನು ನೋಡಲು ಬಂದಿದ್ದರೆಂದು ನನಗೆ ಗೊತ್ತಿತ್ತು. ನೀಲವ್ವನೂ ಸೊಸೆಯ ಜೊತೆ ಬಂದು ಬಾಗಿಲ ಹೊರಗೆ ನಿಂತಿದ್ದಳು. ಅಜ್ಜ ಮಾಡಿದ ಬೆಂಚುಗಳ ಮುಂದೆ ನಾವಿಬ್ಬರೂ ನಿಂತೆವು, ನನ್ನ ಭುಜ ಅವನ ಮೊಳಕೈಗೆ ಬರುತ್ತಿತ್ತು. ಅಯ್ಯನವರು ಮೊದಲು ನನ್ನನ್ನು ಕೇಳಿದರು. ನಾನು ವಿಶ್ವಾಸ ಪ್ರಮಾಣವನ್ನು ಒಂದೇ ಉಸಿರಿನಲ್ಲಿ, ಎಲ್ಲೂ ಎಡವದೆ ಒಪ್ಪಿಸಿದೆ. ಅಯ್ಯನವರು ತಲೆದೂಗಿದರು. ಹಿಂದಿನ ಬೆಂಚಿನಲ್ಲಿ ಯಾರೋ ಆಕಳಿಸಿದರು.

ಆಮೇಲೆ ಕಾಕಾ. ಕಣ್ಣು ಮುಚ್ಚಿ ಹೊರಟ. ಅವನು ಎಲ್ಲಿದ್ದಾನೆ ಎಂಬುದು ಆ ಇಡೀ ದೇವಾಲಯದಲ್ಲಿ ನನಗೊಬ್ಬಳಿಗೇ ತಿಳಿಯುತ್ತಿತ್ತು. ಬಂಕಾಪುರ ಚೌಕ ಬಿಟ್ಟ, ಕುಂದಗೋಳ ದಾಟಿದ, ಸಂಶಿಗೆ ಬಂದ. ಬೆವರು ಅವನ ಕಿವಿಯ ಹಿಂದಿನಿಂದ ಇಳಿದು ಅಪ್ಪನ ಅಂಗಿಯ ಕಾಲರಿಗೆ ಸೇರುತ್ತಿತ್ತು. ಗುಡಗೇರಿಯಲ್ಲಿ ನಿಂತ. ತುಟಿ ಅಲುಗಿತು, ದನಿ ಬರಲಿಲ್ಲ. ಅಯ್ಯನವರು ಕಾದರು. ಕಾಕಾ ಕಣ್ಣು ತೆರೆದು ನನ್ನ ಕಡೆ ತಿರುಗಿದ. ಎರಡು ಶಬ್ದ, ತುಟಿ ಅಲುಗಿಸಿದ್ದರೂ ಸಾಕಿತ್ತು. ನಾನು ಅವನ ಕಣ್ಣು ನೋಡಿ, ಕೆಳಗೆ ನನ್ನ ಹೊಸ ಲಂಗದ ಅಂಚು ನೋಡಿದೆ. ಬಿದ್ದು ಹೋಗಲಿ ಎಂದುಕೊಂಡೆ. ಇಷ್ಟು ಜನ ಬಂದಿದ್ದಾರಲ್ಲ, ಇದನ್ನೂ ನೋಡಿಕೊಂಡು ಹೋಗಲಿ. ಬೆಂಚುಗಳು ಕಿರುಗುಟ್ಟಲು ಶುರುವಾದವು, ಆಯಿ ಎದ್ದು ನಿಂತದ್ದು ಓರೆಗಣ್ಣಿಗೆ ಕಂಡಿತು.

ಆಗ ಗಂಡಸರ ಕಡೆಯಿಂದ, ಕೊನೆಯ ಬೆಂಚಿನಿಂದ, ಅಲ್ಲೂ ಬಾಗಿಲ ಬಳಿಯೇ ಕೂತಿದ್ದ ಅಪ್ಪನ ದನಿ ಬಂತು.

“ಪಾಪಗಳ ಕ್ಷಮೆ, ಶಾಂತ್ಯಾ. ಮುಂದ ಹೇಳು.”

ಅಪ್ಪನ ಬಾಯಲ್ಲಿ ಆ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕರುವಿನ ಕಿವಿಯಲ್ಲಿ ಮಾತಾಡುವ ಅದೇ ದನಿ ಅದು. ಕಾಕಾ ತಿರುಗಿ ನೋಡಲಿಲ್ಲ. ನೋಡಿದ್ದರೆ ಮುಂದೆ ಹೇಳಲು ಆಗುತ್ತಿರಲಿಲ್ಲ ಎಂದು ಆಮೇಲೆ ಒಮ್ಮೆ ಅವ್ವನ ಹತ್ತಿರ ಹೇಳಿದನಂತೆ. ‘ಪಾಪಗಳ ಕ್ಷಮೆಯನ್ನು’ ಎಂದ, ನಿಂತ, ಮೂಗೆಳೆದುಕೊಂಡ, ಗುಡಗೇರಿ ದಾಟಿದ. ಅಲ್ಲಿಂದ ನಮ್ಮೂರಿಗೆ ಎರಡೇ ಮಾತು, ಪುನರುತ್ಥಾನ ಮತ್ತು ನಿತ್ಯಜೀವ, ಅವು ತಾವಾಗಿಯೇ ಬಂದವು. ಇನ್ನುಳಿದದ್ದು ಪ್ರಶ್ನೆ. ನಿನ್ನ ಪಾಪಗಳಿಗಾಗಿ ನಿಜವಾಗಿ ಪಶ್ಚಾತ್ತಾಪಪಟ್ಟು, ಬೇರೆಯವರ ಬಲವಂತವಿಲ್ಲದೆ ಕರ್ತನನ್ನು ಆರಿಸಿಕೊಂಡಿದ್ದೀಯಾ ಎಂದು ಅಯ್ಯನವರು ಕಾಕಾನನ್ನು ಕೇಳಿದರು. “ಹೌದ್ರಿ,” ಎಂದ. ನನ್ನ ಕಡೆ ತಿರುಗಿ ಅದನ್ನೇ ಕೇಳಿದರು. ಆ ಉತ್ತರವನ್ನು ನಾನು ಮಣೆ ಒರೆಸುತ್ತ ಎಷ್ಟೋ ಸಲ ಹೇಳಿ ನೋಡಿದ್ದೆ, ಆಗೆಲ್ಲ ಅದು ಸಲೀಸಾಗಿ ಬರುತ್ತಿತ್ತು. ಪಾಪ ಹುಡುಕಿ ಬೆಲ್ಲದ ಡಬ್ಬಿಯವರೆಗೆ ಹೋಗಿದ್ದವಳಿಗೆ ಈಗ ಹುಡುಕುವ ಕೆಲಸವೇ ಇರಲಿಲ್ಲ, ನನ್ನ ಬಾಜುವಿಗೇ ಬೆವರುತ್ತ ನಿಂತಿತ್ತು. ಅಯ್ಯನವರು ಇನ್ನೊಂದು ಸಲ ಕೇಳಬೇಕಾಯಿತು. ಹುಡುಗಿ ಹೆದರಿದಳು ಎಂದುಕೊಂಡಿರಬೇಕು. ನಾನು ‘ಹೌದು’ ಎಂದದ್ದು ಕಾಕಾನಿಗೆ ಬಿಟ್ಟು ಇನ್ಯಾರಿಗೂ ಕೇಳಿಸಿದಂತಿರಲಿಲ್ಲ.

ಮನೆಗೆ ಬಂದಾಗ ಹುಗ್ಗಿಯ ಘಮ ಅಂಗಳದವರೆಗೂ ಇತ್ತು. ಆಯಿ ಮಣೆಯನ್ನು ಗೋಡೆಯಿಂದ ತೆಗೆದು ಅಡುಗೆಮನೆಯ ನಡುವೆ ಹಾಕಿದಳು, ಹಾಕಿ, ನನ್ನನ್ನೊಮ್ಮೆ ಕಾಕಾನನ್ನೊಮ್ಮೆ ನೋಡುತ್ತ ನಿಂತಳು. ಇಬ್ಬರಿಗೂ ಹಕ್ಕಿತ್ತು, ಮಣೆ ಒಂದೇ. ಕಾಕಾ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, “ಸುಗುಣಾ ಕುಂದರತಾಳ ಬೇ,” ಎಂದ. ನನಗೆ ಅದರ ಮೇಲೆ ಕೂರಲು ಮನಸ್ಸಾಗಲಿಲ್ಲ. ಅವನು ಕೂರುವುದನ್ನು ನೋಡಲಂತೂ ಸುತರಾಂ ಮನಸ್ಸಿರಲಿಲ್ಲ, ಪಶ್ಚಾತ್ತಾಪ ಅಷ್ಟು ಬೇಗ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು ಬಾಗಿಲ ಬಳಿಯ ತನ್ನ ಜಾಗದಲ್ಲಿ ಕೂರಲು ಬಗ್ಗುತ್ತಿದ್ದ. ನಾನು ಮಣೆಯನ್ನು ನೆಲದ ಮೇಲೆ ಕರಕರ ಎಳೆದುಕೊಂಡು ಹೋಗಿ ಅವನ ಕೆಳಗೆ ತಳ್ಳಿದೆ.

“ಅಪ್ಪಾ, ನೀ ಕುಂದ್ರು.”

“ಹುಚ್ಚಿ, ಇವತ್ತ ನಿಂದು ಐತಿ ಅದು.”

“ಕುಂದ್ರಂದ್ರ ಕುಂದ್ರು.”

ಎಳೆದಾಡಲು ಹೊತ್ತಿರಲಿಲ್ಲ, ಅವನ ಮಂಡಿ ಆಗಲೇ ಮಡಿಚಿತ್ತು. ಕೂತ. ಹುಡುಗನಾಗಿದ್ದಾಗ ಒಂದು ಸಲ ಕೂತಿದ್ದ ಮಣೆಯ ಮೇಲೆ, ತಲೆಯಲ್ಲಿ ಅರ್ಧ ಬಿಳಿ ಕೂದಲು, ಎದುರಿಗೆ ಖಾಲಿ ತಾಟು. ಆ ತಗ್ಗಿನಲ್ಲಿ ಕೂತದ್ದಕ್ಕೋ ಏನೋ ಬೆನ್ನು ಸ್ವಲ್ಪ ಬಾಗಿ, ನಾನು ಫೋಟೊದಲ್ಲಿ ನೋಡಿದ್ದ ಅಜ್ಜನ ಹಾಗೆಯೇ ಕಂಡ. ಆಯಿ ಹುಗ್ಗಿಯ ಪಾತ್ರೆ ಹಿಡಿದು ಮೊದಲ ಸಲ ಬಾಗಿಲವರೆಗೆ ಬಡಿಸಲು ಬಂದಳು. ಸೌಟು ಎತ್ತಿದಳು, ಅವನನ್ನು ನೋಡಿದಳು, ಸೌಟು ಅಲ್ಲೇ ನಿಂತಿತು.

“ಇಲ್ಲೇ ಇದ್ಯಲ್ಲೋ ನೀ,” ಎಂದಳು. “ಇಷ್ಟು ದಿನಾ ಇಲ್ಲೇ ಇದ್ಯಲ್ಲೋ ಜೀವನ.”

ಅವಳ ಕಣ್ಣಿಂದ ನೀರು ಇಳಿದು ಗಲ್ಲದ ಗೆರೆಗಳಲ್ಲಿ ಹರಿಯಿತು. ಸದ್ದಿಲ್ಲದ ಅಳು, ಗೋಡೆಯಾಚೆಯ ನೀಲವ್ವನಿಗೆ ಕೇಳಿಸುವಂಥದ್ದಲ್ಲ. ಅಪ್ಪ ತಾಟಿನ ಕಡೆಯೇ ನೋಡುತ್ತಿದ್ದ.

“ಹಾಕ ಬೇ ಯವ್ವಾ, ಆರತೈತಿ,” ಎಂದ. ಆಮೇಲೆ ರೂಢಿಯಂತೆ ನನ್ನ ಕಡೆ ತಿರುಗಿ, ‘ಅವಗ ಹೇಳು’ ಎಂದು ಶುರು ಮಾಡಿದವನು ನಿಲ್ಲಿಸಿ, ಗೋಡೆಯ ಕಡೆ ನೋಡಿದ. “ತುಪ್ಪ ಹಾಕ್ಕೋ ಶಾಂತ್ಯಾ.”

ಕಾಕಾ ಆಮೇಲೂ ಒಂದೆರಡು ಸಲ ಜಾರಿದ, ಮತ್ತೆ ಬಂದ. ಕೊನೆಯವರೆಗೂ ದವಾಖಾನೆಯ ಅಂಗಳದಲ್ಲೇ ಇದ್ದ. ಆಯಿ, ಅಪ್ಪ, ಕಾಕಾ ಈಗ ಒಂದೇ ಕಡೆ ಮಲಗಿದ್ದಾರೆ, ಮಣೆ ಧಾರವಾಡದ ನನ್ನ ಅಡುಗೆಮನೆಯಲ್ಲಿದೆ. ನೆಲದ ಮೇಲೆ ಕೂರಲು ನನ್ನ ಮಂಡಿ ಒಪ್ಪುವುದಿಲ್ಲ, ಹಾಗಾಗಿ ಅದರ ಮೇಲೆ ನಾನು ಇಂದಿಗೂ ಕೂತಿಲ್ಲ. ಆದರೆ ಆ ಮಧ್ಯಾಹ್ನ ನನಗೆ ಏನನಿಸಿತು ಎಂದು ಕೇಳಿದರೆ ಸುಳ್ಳು ಹೇಳಲಾರೆ. ನೆಲದ ಮೇಲೆ ಕೂತು ಹುಗ್ಗಿ ಉಣ್ಣುತ್ತ ಅಪ್ಪನ ತಾಟಿನ ಮೇಲೆ ಬಾಗಿ ಅಳುತ್ತಿದ್ದ ಆಯಿಯನ್ನೇ ನೋಡುತ್ತಿದ್ದೆ. ಅಪ್ಪನಿಗೂ ಆ ಅಳು ಸಿಕ್ಕಿತು. ಇನ್ನುಳಿದವಳು ನಾನೊಬ್ಬಳೇ ಎಂದುಕೊಂಡೆ.